ಪಾತಿಯಲ್ಲಿ ಅಣಬೆ ಎದ್ದಿದೆ, ಗಿಡಕ್ಕೇನಾದರೂ ಆಗುತ್ತಾ?

ಮುಂಗಾರು ಹಿಡಿದು ನಾಲ್ಕು ದಿನ ಬಿಡದೆ ಸುರಿದರೆ ಸಾಕು, ತಾರಸಿ ತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ಟೊಮೆಟೊ ಬುಡದಲ್ಲಿ ನಿಂಬೆಹಣ್ಣಿನ ಬಣ್ಣದ ಪುಟ್ಟ ಕೊಡೆಗಳು. ದಾಸವಾಳದ ಪಾತಿಯಲ್ಲಿ ಬಿಳಿ ಗುಂಪು. ಕೊತ್ತಂಬರಿ ಮಡಿಯಲ್ಲಿ ತೆಳ್ಳನೆಯ ಬೂದು ಟೋಪಿಗಳು. ಕೆಳಗೆ ಪ್ರಶ್ನೆಯೂ ಒಂದೇ: "ಗಿಡ ಸಾಯುತ್ತಾ? ಏನು ಸಿಂಪಡಿಸಬೇಕು?" ಒಬ್ಬರು ಸುಣ್ಣ ಹಾಕಿ ಅಂತಾರೆ. ಇನ್ನೊಬ್ಬರು ಮಣ್ಣನ್ನೇ ಚೆಲ್ಲಿಬಿಡಿ ಅಂತಾರೆ. ಮತ್ತೊಬ್ಬರು ಸಾರು ಮಾಡಿ ಅಂತಾರೆ.

ಮೂರೂ ಬೇಡ. ಬಹುಪಾಲು ಸಲ ಏನೂ ಮಾಡದೆ ಸುಮ್ನೆ ಇದ್ದರೆ ಆಯಿತು. ಆದರೆ ಯಾವ ಅಣಬೆಯನ್ನು ಅದರ ಪಾಡಿಗೆ ಬಿಡಬೇಕು, ಯಾವುದನ್ನು ಕಂಡರೆ ಎಚ್ಚರವಾಗಬೇಕು ಅಂತ ತಿಳಿಯಬೇಕಲ್ವಾ? ಅದಕ್ಕೆ ಅಣಬೆಯ ಬಣ್ಣ, ಆಕಾರ ಅಷ್ಟಾಗಿ ನೆರವಾಗುವುದಿಲ್ಲ. ಅದು ಯಾವುದರ ಮೇಲೆ ಬೆಳೆದಿದೆ ಅನ್ನುವುದನ್ನು ನೋಡಬೇಕು.

## ಮೇಲೆ ಕಾಣುವುದು ಸ್ವಲ್ಪ, ಒಳಗಿರುವುದು ಜಾಸ್ತಿ

ಅಣಬೆ ಗಿಡವಲ್ಲ. ಅದಕ್ಕೆ ಎಲೆಯಿಲ್ಲ, ಬೇರಿಲ್ಲ, ಎಲೆಗೆ ಹಸಿರು ಕೊಡುವ ಪತ್ರಹರಿತ್ತೂ ಇಲ್ಲ. ಬಿಸಿಲು ಬಳಸಿ ತನ್ನ ಊಟ ತಾನೇ ತಯಾರಿಸಿಕೊಳ್ಳಲು ಬಾರದು. ಹಾಗಾಗಿ ಬೇರೆ ಜೀವಿಗಳು ಮಾಡಿಟ್ಟದ್ದನ್ನು ತಿಂದೇ ಬದುಕಬೇಕು. ಇಂಥ ಜೀವಿಗಳ ಗುಂಪನ್ನು ಶಿಲೀಂಧ್ರ ಎನ್ನುತ್ತಾರೆ. ಹಳಸಿದ ಬ್ರೆಡ್ಡಿನ ಮೇಲೆ ಬರುವ ಬೂಷ್ಟು, ಬ್ರೆಡ್ ಉಬ್ಬಿಸುವ ಈಸ್ಟ್ ಎರಡೂ ಇದೇ ಗುಂಪಿನವು. ಬಹಳ ಕಾಲ ಇವನ್ನು ಸಸ್ಯಗಳ ಸಾಲಿನಲ್ಲೇ ಇಟ್ಟಿದ್ದರು. 1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕ ಜಾಗ ಕೊಟ್ಟರು. ವಂಶದ ಲೆಕ್ಕ ಹಿಡಿದರೆ ಇವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಜಿರಲೆ, ಏಡಿಗಳ ಮೇಲ್ಕವಚದಲ್ಲಿರುವ ಕೈಟಿನ್ ಎಂಬ ವಸ್ತುವೇ ಇವುಗಳ ಜೀವಕೋಶದ ಗೋಡೆಯಲ್ಲೂ ಇದೆ.

ನಾವು ಅಣಬೆ ಎಂದು ಕರೆಯುವ ಕೊಡೆ ಆ ಜೀವಿಯ ಒಂದು ಭಾಗ ಮಾತ್ರ. ಉಳಿದದ್ದು ಮಣ್ಣೊಳಗೆ, ಕೂದಲಿಗಿಂತ ತೆಳುವಾದ ಬಿಳಿ ಎಳೆಗಳಾಗಿ ಹರಡಿಕೊಂಡಿರುತ್ತದೆ. ಈ ಎಳೆಗಳ ಬಲೆಗೆ ಕವಕಜಾಲ ಎಂದು ಹೆಸರು. ಹಳೆಯ ಹಲಸಿನ ಮರ ಕೆಲವೊಮ್ಮೆ ಬೇರಿನಲ್ಲೇ ಕಾಯಿ ಬಿಡುತ್ತದೆ, ನೆಲ ಬಿರಿದ ಮೇಲೇ ಅಲ್ಲೊಂದು ಕಾಯಿ ಇದೆ ಎಂದು ಗೊತ್ತಾಗುವುದು. ಅಣಬೆಯೂ ಹಾಗೇ. ಕಾಯಿ ಕಣ್ಣಿಗೆ ಬಿತ್ತು, ಮರ ಪೂರ್ತಿ ನೆಲದೊಳಗೇ ಉಳಿಯಿತು. ಕಾಯಿ ಕಿತ್ತರೆ ಮರಕ್ಕೇನೂ ಆಗುವುದಿಲ್ಲ. ಕಿತ್ತ ಅಣಬೆ ವಾರದೊಳಗೆ ಅದೇ ಜಾಗದಲ್ಲಿ ಮತ್ತೆ ಬರುವುದು ಇದಕ್ಕೇ.

ಈ ಮರ ಎಷ್ಟು ದೊಡ್ಡದಿರಬಹುದು? ಅಮೆರಿಕದ ಆರೆಗಾನ್ ರಾಜ್ಯದ ಮಲ್ಹೂರ್ ಕಾಡಿನಲ್ಲಿ ಆರ್ಮಿಲೇರಿಯಾ ಎಂಬ ಒಂದೇ ಒಂದು ಶಿಲೀಂಧ್ರ ನೆಲದಡಿ ಸುಮಾರು 9 ಚದರ ಕಿಲೋಮೀಟರ್ ಹಬ್ಬಿದೆ. ನಿಮ್ಮ ಪಾತಿಯದ್ದು ಅಷ್ಟಿರುವುದಿಲ್ಲ, ಗಾಬರಿ ಬೇಡ. ಒಂದು ಹಿಡಿ ಮರದ ಚೂರಿನ ಸುತ್ತ ಅಂಗೈ ಅಗಲ ಇದ್ದರೂ ಕೊಡೆ ಏಳಿಸಲು ಸಾಕಾಗುತ್ತದೆ.

## ನಮ್ಮ ಪಾತಿಗೆ ಎಲ್ಲಿಂದ ಬಂತು?

ಟೋಪಿಯ ಕೆಳಗೆ ಪುಸ್ತಕದ ಹಾಳೆಗಳಂತೆ ಒತ್ತಾಗಿರುವ ಪದರಗಳನ್ನು ಕಿವಿರು ಎನ್ನುತ್ತಾರೆ. ಬೀಜಕಗಳು ಉದುರುವುದು ಅಲ್ಲಿಂದ. ಬೀಜಕವೆಂದರೆ ಹೊಸ ಶಿಲೀಂಧ್ರಕ್ಕೆ ಮೊಳಕೆಯಾಗಬಲ್ಲ ಧೂಳಿನಂಥ ಕಣ. ಒಂದೊಂದರ ಅಗಲ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು. ದೊಡ್ಡದೊಂದು ಅಣಬೆ ಇಂಥ ಕೋಟಿಗಟ್ಟಲೆ ಕಣಗಳನ್ನು ಗಾಳಿಗೆ ಬಿಡುತ್ತದೆ. ಅವು ಬೀಳದ ಜಾಗವೇ ಇಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಗೂ ಬರುತ್ತವೆ.

ಬಿದ್ದದ್ದೆಲ್ಲ ಬೆಳೆಯುವುದಿಲ್ಲ. ತಿನ್ನಲು ಏನಾದರೂ ಸಿಗಬೇಕು. ನಾವು ಪಾತಿಗೆ ಹಾಕುವ ಸಾಮಾನನ್ನೇ ನೋಡಿ: ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಕೊಕೊಪೀಟ್, ಒಣಗಿದ ಎಲೆ, ಅಡಿಕೆ ಸೋಗೆಯ ತುಂಡು, ಮರದ ಹೊಟ್ಟು. ಇವೆಲ್ಲ ಶಿಲೀಂಧ್ರಕ್ಕೆ ಊಟ. ಎಷ್ಟೋ ಸಲ ಎಳೆಗಳು ಗೊಬ್ಬರದ ಚೀಲದೊಳಗೇ ಹಬ್ಬಿಕೊಂಡು ಮನೆಗೆ ಬಂದಿರುತ್ತವೆ. ನರ್ಸರಿಯಿಂದ ತಂದ ಗಿಡದ ಬೇರುಮಣ್ಣಿನಲ್ಲೂ ಇರಬಹುದು. ಇನ್ನು ಕೆಲವು ಕಡೆ, ಹಿಂದೆ ಯಾವಾಗಲೋ ಕಡಿದ ಮರದ ಬೇರು ಪಾತಿಯ ಕೆಳಗೆ ಕೊಳೆಯುತ್ತಿರುತ್ತದೆ. ಕಡಿದದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ, ಪ್ರತಿ ಮಳೆಗಾಲಕ್ಕೂ ಅದೇ ಜಾಗದಲ್ಲಿ ಅಣಬೆ ಏಳುತ್ತಿರುತ್ತದೆ.

ಮರದ ಗಟ್ಟಿತನಕ್ಕೆ ಕಾರಣ ಲಿಗ್ನಿನ್ ಎಂಬ ವಸ್ತು. ಅದನ್ನು ಪೂರ್ತಿ ಒಡೆದು ಹಾಕುವ ಕೆಲಸ ಬಹುಮಟ್ಟಿಗೆ ಶಿಲೀಂಧ್ರಗಳದ್ದೇ. ಅವು ಹೊರಗೇ ಕಿಣ್ವಗಳನ್ನು ಸುರಿದು, ಅಲ್ಲೇ ಕರಗಿಸಿ, ಕರಗಿದ್ದನ್ನು ಎಳೆಗಳ ಮೂಲಕ ಹೀರುತ್ತವೆ. ಹೀರಿ ಮಿಕ್ಕ ಸಾರ ಮಣ್ಣಿಗೆ ಸೇರುತ್ತದೆ. ಎಳೆಗಳು ಸತ್ತಾಗ ಅವುಗಳೊಳಗಿದ್ದದ್ದೂ ಗಿಡಕ್ಕೇ.

## ನಿನ್ನೆ ಇರಲಿಲ್ಲ, ಇವತ್ತು ಹೇಗೆ ಬಂತು?

ನಿಜವಾಗಿ ನಿನ್ನೆಯೂ ಇತ್ತು. ಎಳೆಗಳು ಒತ್ತೊತ್ತಾಗಿ ಸೇರಿ ಮಣ್ಣಿನ ಮಟ್ಟದಲ್ಲಿ ಗುಂಡುಸೂಜಿ ತಲೆಯಷ್ಟು ಗಂಟುಗಳಾಗಿದ್ದವು. ಟೋಪಿ, ಕಾಂಡ, ಕಿವಿರು ಎಲ್ಲದರ ನಕ್ಷೆ ಆ ಗಂಟಿನೊಳಗೇ ತಯಾರಾಗುತ್ತದೆ. ಮಳೆ ಬಂದು ಗಾಳಿ ತೇವವಾದ ಮೇಲೆ ಆಗಲೇ ಇರುವ ಜೀವಕೋಶಗಳು ನೀರು ಹೀರಿ ಉದ್ದವಾಗುತ್ತವೆ. ಹೊಸ ಕೋಶಗಳನ್ನು ಒಂದೊಂದಾಗಿ ಕಟ್ಟುವ ಕೆಲಸ ಆಗ ಹೆಚ್ಚಿರುವುದಿಲ್ಲ. ಅಣಬೆಯ ತೂಕದಲ್ಲಿ ಸುಮಾರು ಶೇಕಡಾ 90 ನೀರೇ. ಅದಕ್ಕೇ ಇಷ್ಟು ಬೇಗ ಏಳುತ್ತದೆ, ಬಿಸಿಲು ಬಿದ್ದ ಕೂಡಲೇ ಮುದುಡಿಯೂ ಹೋಗುತ್ತದೆ.

## ಯಾವ್ಯಾವುದು ಕಾಣಬಹುದು?

ವಿಜ್ಞಾನಿಗಳು ಈವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳೇ ಸುಮಾರು ಒಂದೂವರೆ ಲಕ್ಷ. ಎಲ್ಲ ಸೇರಿದರೆ 22ರಿಂದ 38 ಲಕ್ಷ ಇರಬಹುದೆಂದು 2017ರ ಒಂದು ಅಂದಾಜು. ಎಲ್ಲವೂ ಕೊಡೆ ಬಿಡುವುದಿಲ್ಲ. ನಮ್ಮ ಪಾತಿ, ಕುಂಡಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವವು ಬೆರಳೆಣಿಕೆಯಷ್ಟು.

ಕುಂಡದಲ್ಲಿ ಕಡು ಹಳದಿ ಬಣ್ಣದ, ಮೈಮೇಲೆ ಹಿಟ್ಟು ಉದುರಿಸಿದಂತಿರುವ ಕೊಡೆ ಕಂಡರೆ ಅದು ಹೆಚ್ಚಾಗಿ ಲ್ಯೂಕೊಕಾಪ್ರಿನಸ್ ಬರ್ನ್‌ಬಾಮಿ. ಬಿಸಿ ಪ್ರದೇಶದ ಜೀವಿ. ಗಿಡಗಳ ಜೊತೆ ಹಡಗು ಹತ್ತಿ ಯುರೋಪಿನ ಗಾಜಿನ ಮನೆಗಳನ್ನೂ ಸೇರಿತು. ಪ್ರಾಗ್ ನಗರದ ಅಂಥದ್ದೊಂದು ಗಾಜಿನ ಮನೆಯಲ್ಲಿ, ಅನಾನಸ್ ಗಿಡಗಳ ನಡುವೆ, ತೋಟದ ಅಧಿಕಾರಿ ಬರ್ನ್‌ಬಾಮ್ ಎಂಬವರ ಕಣ್ಣಿಗೆ ಬಿತ್ತು. 1839ರಲ್ಲಿ ಆಗಸ್ಟ್ ಕೊರ್ಡಾ ಅದನ್ನು ವಿವರಿಸಿ ಅವರ ಹೆಸರನ್ನೇ ಇಟ್ಟರು. ಗಿಡಕ್ಕೆ ನಿರುಪದ್ರವಿ. ತಿಂದರೆ ಮಾತ್ರ ಹೊಟ್ಟೆ ಕೆಡುತ್ತದೆ.

ಸಗಣಿ ಗೊಬ್ಬರ ಜಾಸ್ತಿ ಹಾಕಿದ ಕಡೆ ಬರುವವು ಮಸಿ ಅಣಬೆಗಳು. ತೆಳು ಬೂದು ಟೋಪಿ, ಅದರ ಮೇಲೆ ಗೆರೆಗಳು. ಕೆಲವು ತಮ್ಮ ಟೋಪಿಯನ್ನು ತಾವೇ ಜೀರ್ಣಿಸಿಕೊಂಡು ಕಪ್ಪು ರಸವಾಗಿ ತೊಟ್ಟಿಕ್ಕುತ್ತವೆ. ಬೆಳಗ್ಗೆ ನೆಟ್ಟಗಿದ್ದದ್ದು ಸಂಜೆಗೆ ಮಸಿ ಚೆಲ್ಲಿದ ಗುರುತು ಮಾತ್ರ. ಅದನ್ನು ನೋಡಿ ರೋಗ ಬಂತೆಂದು ಹೆದರುವವರಿದ್ದಾರೆ. ಅದು ಬೀಜಕ ಉದುರಿಸುವ ಅದರದ್ದೇ ರೀತಿ.

ನನಗೆ ಇಷ್ಟವಾದದ್ದು ಹಕ್ಕಿಗೂಡು ಶಿಲೀಂಧ್ರ. ಕೊಕೊಪೀಟ್ ಮೇಲೆ, ಹಳೆಯ ಕಡ್ಡಿಯ ಮೇಲೆ ಗುಂಪಾಗಿ ಬರುತ್ತದೆ. ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ಅರ್ಧ ಸೆಂಟಿಮೀಟರ್ ಅಗಲದ ಕಂದು ಬಟ್ಟಲು, ಒಳಗೆ ಬೂದು ಬಣ್ಣದ ನಾಲ್ಕೈದು ಚಪ್ಪಟೆ ಗುಂಡುಗಳು. ಒಂದು ಮಳೆಹನಿ ನೇರವಾಗಿ ಬಟ್ಟಲಿಗೆ ಬಿದ್ದರೆ ಗುಂಡು ಚಿಮ್ಮಿ ಒಂದು ಮೀಟರ್ ದೂರದವರೆಗೂ ಹೋಗುತ್ತದೆ. ಸಯಾಥಸ್ ಜಾತಿಯದ್ದಾದರೆ ಗುಂಡಿಗೆ ಅಂಟಿನ ಬಾಲವೂ ಇರುತ್ತದೆ. ಹಾರುವಾಗ ಅದು ಬಿಚ್ಚಿಕೊಂಡು ಎದುರು ಸಿಕ್ಕ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಸೊಪ್ಪಿನ ಎಲೆಯ ಅಡಿಗೆ ಅಂಟಿದ ಇಂಥ ಗುಂಡನ್ನು ಹುಳದ ಮೊಟ್ಟೆ ಎಂದುಕೊಂಡು ಔಷಧಿ ಹೊಡೆಯುವುದೂ ಉಂಟು.

ಎಲೆ ಮುಚ್ಚಿಗೆಯ ಮೇಲೆ ಹಳದಿ ನೊರೆಯಂಥದ್ದು ಹರಡಿ, ಎರಡು ದಿನಕ್ಕೆ ಕಂದು ಪುಡಿಯಾದರೆ ಅದು ಅಣಬೆಯೂ ಅಲ್ಲ, ಶಿಲೀಂಧ್ರವೂ ಅಲ್ಲ. ಲೋಳೆಬೂಷ್ಟು ಎಂಬ ಬೇರೆಯೇ ಜೀವಿ. ಬ್ಯಾಕ್ಟೀರಿಯಾ ತಿಂದುಕೊಂಡಿರುತ್ತದೆ. ನೋಡಲು ಅಸಹ್ಯ ಅನ್ನಿಸಿದರೆ ಮುಚ್ಚಿಗೆ ಸಮೇತ ಬಾಚಿ ತೆಗೆಯಿರಿ, ಅಷ್ಟೆ.

ಹುಲ್ಲುಹಾಸು, ಹುಲ್ಲಿರುವ ಪಾತಿಗಳಲ್ಲಿ ಮಾತ್ರ ಒಂದು ದೊಡ್ಡ ಅಣಬೆಯನ್ನು ಗುರುತಿಟ್ಟುಕೊಳ್ಳಿ. ಟೋಪಿ ಒಂದು ಗೇಣಿಗೂ ಹೆಚ್ಚು ಅಗಲವಾಗಬಹುದು. ಬಿಳಿ ಮೈ ಮೇಲೆ ಕಂದು ಚಕ್ಕೆಗಳು, ಕಾಂಡಕ್ಕೊಂದು ಉಂಗುರ. ನೋಡಲು ತಿನ್ನುವ ಅಣಬೆಯಂತೆಯೇ. ಇದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಎಳೆಯದರಲ್ಲಿ ಬಿಳಿಯಾಗಿರುವ ಕಿವಿರು ಬಲಿತಂತೆ ಮಾಸಲು ಹಸಿರಾಗುತ್ತದೆ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರು.

## ಗಿಡದ ಪಾಲಿನ ಊಟ ಕದಿಯುತ್ತದೆಯೇ?

ಗೊಬ್ಬರ, ಒಣ ಎಲೆ, ಮರದ ಚೂರಿನ ಮೇಲೆ ಬೆಳೆಯುವ ಅಣಬೆ ಸತ್ತದ್ದನ್ನು ಮಾತ್ರ ತಿನ್ನುತ್ತದೆ. ಬದುಕಿರುವ ಬೇರಿನ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಗುಂಪು ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧವನ್ನೇ ಇಟ್ಟುಕೊಂಡಿದೆ. ಶಿಲೀಂಧ್ರ ದೂರದಿಂದ ರಂಜಕ, ನೀರು ತಂದು ಕೊಡುತ್ತದೆ, ಗಿಡ ಸಕ್ಕರೆ ಕೊಡುತ್ತದೆ. ಜರ್ಮನಿಯ ಎ.ಬಿ. ಫ್ರಾಂಕ್ 1885ರಲ್ಲಿ ಇದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟರು. ನೆಲದ ಮೇಲಿನ ಗಿಡಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲಿಗೆ ಇಂಥ ಒಂದಲ್ಲ ಒಂದು ಜೊತೆಗಾರ ಇದ್ದಾನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಈ ವಿಷಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಗೊಬ್ಬರದ ಅಂಗಡಿಯಲ್ಲಿ ವ್ಯಾಮ್ ಎಂದು ಮಾರುವ ಪುಡಿಯೂ ಇದೇ. ಹಾಗಂತ ತರಕಾರಿ ಬೇರಿನ ಈ ಜೊತೆಗಾರರು ಕೊಡೆ ಬಿಡುವುದಿಲ್ಲ. ಟೊಮೆಟೊ ಬುಡದ ಅಣಬೆ ನೋಡಿ "ನಾನು ಹಾಕಿದ ವ್ಯಾಮ್ ಕೆಲಸ ಮಾಡಿತು" ಎಂದು ಖುಷಿಪಡುವಂತಿಲ್ಲ.

ಒಂದು ತೊಂದರೆ ನಿಜವಾಗಿಯೂ ಇದೆ. ಹಸಿ ಮರದ ಹೊಟ್ಟನ್ನು ಮಣ್ಣಿಗೆ ಕಲಸಿದರೆ ಅದನ್ನು ಒಡೆಯಲು ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಸಾರಜನಕ ಬೇಕು. ಅದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಸ್ವಲ್ಪ ಕಾಲ ಗಿಡಕ್ಕೆ ಸಾಲದೆ ಹಳೆಯ ಎಲೆಗಳು ಹಳದಿಯಾಗುತ್ತವೆ. ತಪ್ಪು ಅಣಬೆಯದ್ದಲ್ಲ, ಕಳಿಯದ ಹೊಟ್ಟಿನದ್ದು. ಹೊಟ್ಟನ್ನು ಮಣ್ಣಿನ ಮೇಲೆ ಹಾಸಿದರೆ ಈ ಸಮಸ್ಯೆ ಕಡಿಮೆ. ಕಲಸಿಯೇ ಆಗಿದ್ದರೆ ಹಿಂಡಿ ಅಥವಾ ನೀರು ಬೆರೆಸಿದ ಗಂಜಲ ಕೊಟ್ಟು ಸರಿದೂಗಿಸಬಹುದು.

## ಎಚ್ಚರವಾಗಬೇಕಾದ್ದು ಯಾವಾಗ?

ಅಣಬೆ ಮಣ್ಣಿನಿಂದ ಎದ್ದಿದೆಯೋ, ಬದುಕಿರುವ ಮರದ ಕಾಂಡಕ್ಕೇ ಅಂಟಿದೆಯೋ? ಅಂಟಿದ್ದರೆ ಮಾತು ಬೇರೆ.

ಅಡಿಕೆ, ತೆಂಗು ಬೆಳೆಯುವವರಿಗೆ ಅಣಬೆ ರೋಗ ಗೊತ್ತು. ಅದನ್ನು ತರುವುದು ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು ಕಾಂಡದ ಬುಡವನ್ನು ಕೊಳೆಸುತ್ತದೆ. ಹೊರಗಿನ ಸುತ್ತಿನ ಗರಿಗಳು ಹಳದಿಯಾಗಿ ಜೋತುಬೀಳುತ್ತವೆ. ಬುಡದ ಹತ್ತಿರ ಕಂದು ಕಲೆ ಕಾಣಿಸಿಕೊಂಡು ಅಂಟು ರಸ ಸೋರುತ್ತದೆ. ಕೊನೆಗೆ ಬುಡದಲ್ಲಿ ಮರದಷ್ಟೇ ಗಟ್ಟಿಯಾದ, ಮೆರುಗು ಹಚ್ಚಿದಂಥ ಕಂದು ಹಲಗೆಗಳು ಮೂಡುತ್ತವೆ. ಅಷ್ಟು ಹೊತ್ತಿಗೆ ಮರದೊಳಗಿನ ಕೆಲಸ ಬಹಳಷ್ಟು ಮುಗಿದಿರುತ್ತದೆ. ಸತ್ತ ಮರವನ್ನು ಬೇರು ಸಮೇತ ತೆಗೆಯುವುದು, ಸುತ್ತ ಎರಡಡಿ ಆಳದ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸುವುದು, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಕೊಡುವುದು ರೂಢಿಯಲ್ಲಿರುವ ಕ್ರಮಗಳು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಬೇರೆ ಶಿಲೀಂಧ್ರಗಳನ್ನು ತಿನ್ನುವಂಥದ್ದು. ಮನೆಯ ಮುಂದಿನ ಗುಲ್‌ಮೊಹರ್ ಬುಡದಲ್ಲಿ ಇಂಥ ಹಲಗೆ ಕಂಡರೂ ಬಲ್ಲವರನ್ನು ಕರೆದು ತೋರಿಸಿ. ಬೇರು ಕೊಳೆತ ಮರ ಹಸಿರಾಗಿದ್ದಾಗಲೇ ಗಾಳಿಗೆ ಉರುಳಬಹುದು.

ಎರಡನೆಯದಕ್ಕೆ ಕೊಡೆಯೇ ಇರುವುದಿಲ್ಲ. ಟೊಮೆಟೊ, ಮೆಣಸಿನಕಾಯಿ, ನೆಲಗಡಲೆ, ಸುಗಂಧರಾಜದ ಬುಡಕ್ಕೆ ಮಣ್ಣು ತಾಗುವ ಜಾಗದಲ್ಲಿ ಬಿಳಿ ನೂಲು ಬೀಸಣಿಗೆಯಂತೆ ಹಬ್ಬುತ್ತದೆ. ಅದರ ಮೇಲೆ ಸಾಸಿವೆ ಗಾತ್ರದ ಗುಂಡುಗಳು, ಮೊದಲು ಬಿಳಿ, ಆಮೇಲೆ ಕಂದು. ಗಿಡ ನೀರಿದ್ದರೂ ಬಾಡುತ್ತದೆ. ಇದು ಸ್ಕ್ಲೆರೋಷಿಯಂ, ಬುಡಕೊಳೆ ತರುವ ಶಿಲೀಂಧ್ರ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ಹೊರಗೆ ಹಾಕಿ. ಗೊಬ್ಬರದ ಗುಂಡಿಗೆ ಮಾತ್ರ ಎಸೆಯಬೇಡಿ. ಗೊಬ್ಬರದಲ್ಲಿ ಅಲ್ಲಲ್ಲಿ ಕಾಣುವ ಬಿಳಿ ಎಳೆ ಇದಲ್ಲ. ಸಾಸಿವೆ ಗುಂಡು ಇದೆಯೇ, ಕಾಂಡಕ್ಕೆ ಹತ್ತಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

## ತಿನ್ನಬಹುದಾ?

ಬೇಡ.

ಮಲೆನಾಡು, ಕರಾವಳಿ, ಕೊಡಗಿನವರಿಗೆ ಈ ಉತ್ತರ ರುಚಿಸುವುದಿಲ್ಲ. ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಅಣಬೆ ಹುಡುಕಿಕೊಂಡು ಹೋಗುವ ಊರುಗಳು ಅವು. ಕೊಡಗಿನಲ್ಲಿ ಕುಮ್ಮು, ತುಳುವಿನಲ್ಲಿ ಲಾಂಬು. ಹುತ್ತದ ಅಣಬೆ ಟರ್ಮಿಟೊಮೈಸಿಸ್ ಎಂಬ ಕುಲದ್ದು. ಗೆದ್ದಲುಗಳು ಗೂಡಿನೊಳಗೆ ಅದನ್ನು ಬೆಳೆಸುತ್ತವೆ. ಕಾಂಡ ಬೇರಿನಂತೆ ಕೆಳಗಿಳಿದು ಗೂಡನ್ನು ಮುಟ್ಟುತ್ತದೆ. ಅದನ್ನು ಕೀಳುವ ಅಜ್ಜಿಗೆ ಯಾವ ದಿಬ್ಬದಲ್ಲಿ, ಯಾವ ಮಳೆಗೆ ಏಳುತ್ತದೆ ಎಂಬುದೂ ಗೊತ್ತು. ಆ ತಿಳಿವಳಿಕೆ ಆ ನೆಲದ್ದು, ಆ ಅಣಬೆಯದ್ದು. ಬೆಂಗಳೂರಿನ ಕೊಕೊಪೀಟ್ ಕುಂಡಕ್ಕೆ ಅದನ್ನು ತಂದು ಹಚ್ಚಲು ಆಗುವುದಿಲ್ಲ.

ಮನೆಮಾತಿನ ಪರೀಕ್ಷೆಗಳು ಯಾವುವೂ ನಂಬಿಕೆಗೆ ಯೋಗ್ಯವಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ, ಇವೆಲ್ಲ ಸುಳ್ಳು. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ಬೇಯಿಸಿದರೂ ಒಣಗಿಸಿದರೂ ಹಾಳಾಗುವುದಿಲ್ಲ. ಅದೇ ಅಣಬೆಯನ್ನು ಬಸವನಹುಳ ಆರಾಮಾಗಿ ಮೇಯುತ್ತದೆ. ತಿಂದ ಮನುಷ್ಯನಿಗೆ ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ಒಂದು ದಿನ ವಾಸಿಯಾದಂತೆ ಅನ್ನಿಸುತ್ತದೆ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು, ಅಣಬೆ ಕಿತ್ತು ತಿಂದು ಅಭ್ಯಾಸವಿದ್ದವರೇ.

ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳು ಕುತೂಹಲಕ್ಕೆ ಸರಿ, ಅಡುಗೆಮನೆಗೆ ಸಲ್ಲ. ಕುತೂಹಲಕ್ಕೇ ಆದರೆ ಇನ್ನೊಂದು ಕೆಲಸ ಮಾಡಿ ನೋಡಿ. ಬಲಿತ ಟೋಪಿಯನ್ನು ಕಾಂಡದಿಂದ ಕತ್ತರಿಸಿ, ಕಿವಿರು ಕೆಳಗೆ ಮಾಡಿ ಬಿಳಿ ಕಾಗದದ ಮೇಲಿಡಿ. ಗಾಳಿಯಾಡದಂತೆ ಒಂದು ಹಳೆಯ ಗಾಜಿನ ಲೋಟ ಕವುಚಿ ರಾತ್ರಿ ಬಿಡಿ. ಬೆಳಗ್ಗೆ ಕಿವಿರಿನ ಗೆರೆಗೆರೆಯೂ ಕಾಗದದ ಮೇಲೆ ಪುಡಿಯಲ್ಲಿ ಮೂಡಿರುತ್ತದೆ. ಮಸಿ ಅಣಬೆಯದ್ದು ಕಪ್ಪು, ಮೇಲೆ ಹೇಳಿದ ಹುಲ್ಲುಹಾಸಿನ ಅಣಬೆಯದ್ದು ಮಾಸಲು ಹಸಿರು.

ಅಣಬೆ ತಿನ್ನಲೇಬೇಕು ಅಂದರೆ ಬೆಳೆದೇ ತಿನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಆಯ್ಸ್ಟರ್ ಅಣಬೆಯ ಬೀಜ ಸಿಗುತ್ತದೆ. ಭತ್ತದ ಹುಲ್ಲಿನಲ್ಲಿ ಬೆಳೆಯಬಹುದು.

## ಮಕ್ಕಳು, ನಾಯಿ ಇರುವ ಮನೆಯಲ್ಲಿ

ಮುಟ್ಟಿದರೆ ವಿಷವೇರುವುದಿಲ್ಲ. ಹೊಟ್ಟೆಗೆ ಹೋದರೆ ಮಾತ್ರ ಅಪಾಯ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ ಸಾಕು. ಆದರೆ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವೋ ನಾಯಿಮರಿಯೋ ಇದ್ದರೆ ಮಳೆಗಾಲದಲ್ಲಿ ದಿನಾ ಬೆಳಗ್ಗೆ ಒಂದು ಸುತ್ತು ಹಾಕಿ, ಎದ್ದದ್ದನ್ನು ಬುಡ ಸಮೇತ ಕಿತ್ತು ಕವರಿಗೆ ಹಾಕಿ ಎಸೆಯಿರಿ. ಅಕಸ್ಮಾತ್ ಮಗು ತಿಂದದ್ದು ಗೊತ್ತಾದರೆ ವಾಂತಿಯಾಗಲಿ ನೋಡೋಣ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ. ಮಿಕ್ಕ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೇಗ ಕೊಳೆತು ಗುರುತು ಸಿಗದಂತಾಗುತ್ತದೆ.

## ಕಡಿಮೆ ಮಾಡಬೇಕೆಂದರೆ

ಶಿಲೀಂಧ್ರನಾಶಕ ಹೊಡೆದರೆ ಮೇಲಿನ ಕೊಡೆ ಒಣಗಬಹುದು, ಮರದ ಚೂರಿನೊಳಗಿನ ಎಳೆಗೆ ಅದು ತಲುಪುವುದೇ ಕಷ್ಟ. ನಡುವೆ ಬೇರಿನ ಒಳ್ಳೆಯ ಜೊತೆಗಾರರು ಸಾಯುತ್ತಾರೆ. ಸುಣ್ಣ ಸುರಿದರೆ ಮಣ್ಣಿನ ಹುಳಿ ಕಡಿಮೆಯಾಗಿ, ಮಲ್ಲಿಗೆಯಂಥ ಗಿಡಗಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ.

ನೀರು ಕಡಿಮೆ ಮಾಡುವುದು ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು. ಮನೆಯೊಳಗಿನ ಕುಂಡದಲ್ಲಿ ಪದೇ ಪದೇ ಅಣಬೆ ಬರುತ್ತಿದ್ದು, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳೂ ಓಡಾಡುತ್ತಿದ್ದರೆ ನೀರು ಜಾಸ್ತಿಯಾಗಿದೆ ಎಂದೇ ಅರ್ಥ. ಮೇಲಿನ ಒಂದು ಇಂಚು ಒಣಗುವವರೆಗೆ ಕಾಯಿರಿ. ಬಿಸಿಲು, ಗಾಳಿ ತಾಗುವಂತೆ ಗಿಡಗಳ ನಡುವೆ ಜಾಗ ಬಿಡಿ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ.

ಕುಂಡದಲ್ಲಿ ಇನ್ನೊಂದು ವಿಷಯ ಗಮನಿಸಿ. ಎಳೆಗಳು ಕೊಕೊಪೀಟ್ ತುಂಬ ಒತ್ತಾಗಿ ಹಬ್ಬಿ ಒಣಗಿದರೆ ನೀರು ಒಳಗಿಳಿಯುವುದಿಲ್ಲ. ಮೇಲೆ ಸುರಿದದ್ದು ಅಂಚಿನಿಂದ ಜಾರಿ ತಟ್ಟೆಗೆ ಬರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಕುಂಡವನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಕೂರಿಸಿದರೆ ಸರಿಹೋಗುತ್ತದೆ. ನೆಲದ ಪಾತಿಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಒಳಗಿರುವ ಮರದ ಚೂರೋ ಹಳೆಯ ಬೇರೋ ತೀರುವವರೆಗೆ ಒಂದೆರಡು ಮಳೆಗಾಲ ಬರುತ್ತದೆ, ತೀರಿದ ಮೇಲೆ ತಾನಾಗಿ ನಿಲ್ಲುತ್ತದೆ.